ಗಿಡದಲ್ಲುಳಿದ ಕಾಯಿ, ಕಂಪ್ಯೂಟರಿನಲ್ಲುಳಿದ ಹೆಸರು



ಕಾಫಿ ಕೊಯ್ಲು ಮುಗಿದ ಮೇಲೆ ಗಿಡದಲ್ಲಿ ಅಲ್ಲೊಂದು ಇಲ್ಲೊಂದು ಕಾಯಿ ಉಳಿದುಬಿಡುವುದು ನಮ್ಮೆಲ್ಲರ ತೋಟಗಳಲ್ಲೂ ಉಂಟು. ನೆಲಕ್ಕೆ ಉದುರಿದ್ದೂ ಇರುತ್ತದೆ. ಆಳು ಸಿಗುವುದಿಲ್ಲ, ಸಿಕ್ಕರೂ ಆ ನಾಲ್ಕು ಕಾಯಿಗೆ ಕೂಲಿ ಹುಟ್ಟುವುದಿಲ್ಲ, ಇರಲಿ ಬಿಡಿ ಎಂದು ಸುಮ್ಮನಾಗುತ್ತೇವೆ. ಆದರೆ ಕಾಯಿಕೊರಕ ಹುಳು ಮುಂದಿನ ಫಸಲಿನವರೆಗೆ ಜೀವ ಹಿಡಿದುಕೊಂಡು ಕೂರುವುದು ಆ ನಾಲ್ಕು ಕಾಯಿಗಳಲ್ಲೇ. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ನಮ್ಮ ದೇಶದಲ್ಲಿ ಮೊದಲು ಕಾಣಿಸಿಕೊಂಡ ಈ ಕೀಟದ ಬಗ್ಗೆ ಕಾಫಿ ಮಂಡಳಿಯವರು ಒತ್ತಿ ಹೇಳುತ್ತಾ ಬಂದಿರುವ ಮಾತು ಒಂದೇ: ಕೊಯ್ಲಾದ ಮೇಲೆ ಗಿಡದಲ್ಲಾಗಲಿ ನೆಲದಲ್ಲಾಗಲಿ ಕಾಯಿ ಉಳಿಸಬೇಡಿ. ಬೇಡದ್ದೆಂದು ನಾವು ಬಿಟ್ಟದ್ದೇ ಹುಳುವಿಗೆ ಮನೆಯಾಗುತ್ತದೆ.

ಈ ಸಂಚಿಕೆಯಲ್ಲಿ ನಾವು ಬರೆಯಹೊರಟಿರುವುದು ಕೀಟದ ವಿಷಯವಲ್ಲ. ಸಂಘದ ಕಂಪ್ಯೂಟರಿನಲ್ಲಿ ಇದೇ ರೀತಿ ಉಳಿದುಬಿಡುವ ಹಳೆಯ ಹೆಸರುಗಳ ವಿಷಯ. ಇದು ಕಚೇರಿಯವರ ಕೆಲಸ, ನಮಗೇಕೆ ಎಂದು ಪುಟ ತಿರುಗಿಸದೆ ಸದಸ್ಯರು ದಯವಿಟ್ಟು ಕೊನೆಯವರೆಗೆ ಓದಬೇಕು. ಕಂಪ್ಯೂಟರ್ ಕಚೇರಿಯದ್ದಾದರೂ ಅದರೊಳಗಿನ ತೂಕ, ಸಾಲ, ಠೇವಣಿ ಎಲ್ಲವೂ ನಮ್ಮವು.

ಖಾತೆ ಎಂದರೆ ಯಾವ ಖಾತೆ?

ಖಾತೆ ಎಂದೊಡನೆ ನಮಗೆ ನೆನಪಾಗುವುದು ಸಾಲದ ಖಾತೆ, ಉಳಿತಾಯ ಖಾತೆ ಅಥವಾ ಜಮೀನಿನ ಖಾತೆ. ಇಲ್ಲಿ ಹೇಳುತ್ತಿರುವುದು ಬೇರೆ. ಕಂಪ್ಯೂಟರಿನ ಮುಂದೆ ಕುಳಿತವರು ಯಾರು, ಅವರಿಗೆ ಏನೇನು ಮಾಡುವ ಅಧಿಕಾರವಿದೆ ಎಂಬುದನ್ನು ಯಂತ್ರಕ್ಕೆ ತಿಳಿಸಲು ಪ್ರತಿಯೊಬ್ಬ ನೌಕರನಿಗೂ ಒಂದು ಹೆಸರು ಮತ್ತು ಒಂದು ಗುಟ್ಟಿನ ಪದ ಕೊಟ್ಟಿರುತ್ತಾರೆ. ಹೆಸರು ಯೂಸರ್ ಐಡಿ, ಗುಟ್ಟಿನ ಪದ ಪಾಸ್‌ವರ್ಡ್, ಎರಡೂ ಸೇರಿ ಲಾಗಿನ್. ತೂಕದ ಗುಮಾಸ್ತರ ಲಾಗಿನ್‌ನಿಂದ ತೂಕದ ಚೀಟಿ ಬರೆಯಬಹುದು, ಅಷ್ಟೆ. ಲೆಕ್ಕಿಗರ ಲಾಗಿನ್‌ನಿಂದ ಪಾವತಿಯ ನಮೂದು ಮಾಡಬಹುದು. ಕಾರ್ಯದರ್ಶಿಗಳ ಲಾಗಿನ್‌ನಿಂದ ತಿದ್ದುಪಡಿಗೆ ಒಪ್ಪಿಗೆ ಕೊಡಬಹುದು, ಸಾಲ ಮಂಜೂರು ಮಾಡಬಹುದು. ಅಂದರೆ ಲಾಗಿನ್ ಎಂಬುದು ಬೀಗದ ಕೈಯೂ ಹೌದು, ಸಹಿಯೂ ಹೌದು.

ಲೆಡ್ಜರ್ ಪುಸ್ತಕದ ಕಾಲದಲ್ಲಿ ಈ ಎರಡರ ಬಗ್ಗೆಯೂ ನಮ್ಮ ಹಿರಿಯರು ಎಷ್ಟು ಕಟ್ಟುನಿಟ್ಟಾಗಿದ್ದರು ಎಂಬುದನ್ನು ಹಳೆಯ ಸದಸ್ಯರು ಬಲ್ಲರು. ಕಾರ್ಯದರ್ಶಿ ಬದಲಾದರೆ ಆಡಳಿತ ಮಂಡಳಿ ಠರಾವು ಮಾಡಿ, ಹಳೆಯ ಮಾದರಿ ಸಹಿ ರದ್ದುಪಡಿಸಿ, ಹೊಸ ಸಹಿಯನ್ನು ಬ್ಯಾಂಕಿಗೆ ಕಳುಹಿಸುತ್ತಿತ್ತು. ತಿಜೋರಿ ಕೀಲಿ, ಮೊಹರು, ಚೆಕ್ ಪುಸ್ತಕ, ರಸೀದಿ ಪುಸ್ತಕ ಎಲ್ಲವನ್ನೂ ಚಾರ್ಜ್ ಪಟ್ಟಿಯಲ್ಲಿ ಬರೆದು, ಒಪ್ಪಿಸಿದವರೂ ಪಡೆದವರೂ ಸಹಿ ಹಾಕುತ್ತಿದ್ದರು. ಈಗಲೂ ಹಾಕುತ್ತಾರೆ. ಆದರೆ ಆ ಪಟ್ಟಿಯಲ್ಲಿ ಲಾಗಿನ್ ಎಂಬ ಒಂದು ಸಾಲು ಎಷ್ಟು ಸಂಘಗಳಲ್ಲಿದೆ?

2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರವು ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಕಂಪ್ಯೂಟರೀಕರಿಸುವ 2,516 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಕಪಾಟಿನಲ್ಲಿದ್ದ ಲೆಕ್ಕ ತಂತಿಯ ಮೇಲೆ ಹರಿಯುವ ಲೆಕ್ಕವಾಗುತ್ತಿದೆ. ಇದು ಒಳ್ಳೆಯದೇ. ಆದರೆ ಕಪಾಟಿನ ಬಳಿಗೆ ಕಳ್ಳ ನಡೆದೇ ಬರಬೇಕಿತ್ತು. ಈ ಹೊಸ ಬಾಗಿಲಿಗೆ ಬರಲು ಅವನು ಮನೆ ಬಿಟ್ಟು ಹೊರಡಬೇಕಾಗಿಲ್ಲ.

ಒಂದು ಹಳೆಯ ಲಾಗಿನ್ ನಿಲ್ಲಿಸಿದ ಕೊಳವೆ

ಬಳಸದೆ ಬಿಟ್ಟ ಲಾಗಿನ್‌ನಿಂದ ಎಂಥ ಅನಾಹುತವಾದೀತು ಎಂಬುದಕ್ಕೆ ಜಗತ್ತಿಗೆಲ್ಲ ತಿಳಿದಿರುವ ಒಂದು ಉದಾಹರಣೆ ಅಮೆರಿಕದ್ದು. ಟೆಕ್ಸಾಸ್‌ನಿಂದ ನ್ಯೂಜೆರ್ಸಿಯವರೆಗೆ ಹಬ್ಬಿರುವ ಕಲೋನಿಯಲ್ ಪೈಪ್‌ಲೈನ್ ಎಂಬ ಕೊಳವೆ ಜಾಲ ಒಟ್ಟು ಸುಮಾರು 8,850 ಕಿಲೋಮೀಟರ್ ಉದ್ದದ್ದು. ಆ ದೇಶದ ಪೂರ್ವ ಕರಾವಳಿಗೆ ಬೇಕಾಗುವ ಪೆಟ್ರೋಲ್, ಡೀಸೆಲ್ ಮುಂತಾದ ಇಂಧನದಲ್ಲಿ ನೂರಕ್ಕೆ 45ರಷ್ಟು ಈ ಕೊಳವೆಯಲ್ಲೇ ಹರಿಯುತ್ತದೆ.

2021ರ ಮೇ 7ರ ಬೆಳಗಿನ ಜಾವ 5 ಗಂಟೆಗೆ ತುಸು ಮೊದಲು, ನಿಯಂತ್ರಣ ಕೊಠಡಿಯ ನೌಕರರೊಬ್ಬರ ಕಂಪ್ಯೂಟರಿನ ಪರದೆಯ ಮೇಲೆ ಒಂದು ಬೆದರಿಕೆ ಪತ್ರ ಮೂಡಿತು. ಕಂಪನಿಯ ಕಡತಗಳಿಗೆ ಬೀಗ ಹಾಕಿದ್ದೇವೆ, ಹಣ ಕೊಟ್ಟರೆ ಬೀಗದ ಕೈ ಕೊಡುತ್ತೇವೆ ಎಂಬುದು ಅದರ ಸಾರಾಂಶ. ಇಂಧನ ಹರಿಸುವ ಯಂತ್ರಗಳಿಗೆ ಕಳ್ಳರು ಕೈ ಹಚ್ಚಿರಲಿಲ್ಲ. ಆದರೆ ಎಲ್ಲಿಯವರೆಗೆ ಬಂದಿದ್ದಾರೆ ಎಂದು ತಿಳಿಯದೆ ಕಂಪನಿಯವರು ಸುಮಾರು ಒಂದು ಗಂಟೆಯೊಳಗೆ ಇಡೀ ಕೊಳವೆಯನ್ನೇ ನಿಲ್ಲಿಸಿದರು. ಅದರ 57 ವರ್ಷಗಳ ಚರಿತ್ರೆಯಲ್ಲಿ ಹಾಗೆ ಪೂರ್ತಿ ನಿಂತದ್ದು ಅದೇ ಮೊದಲು. ಮೇ 12ರ ಸಂಜೆ ಮತ್ತೆ ಚಾಲೂ ಆಗುವಷ್ಟರಲ್ಲಿ ಆಗ್ನೇಯ ರಾಜ್ಯಗಳ ಪೆಟ್ರೋಲ್ ಬಂಕ್‌ಗಳು ಬರಿದಾಗಿದ್ದವು. ಪ್ಲಾಸ್ಟಿಕ್ ಚೀಲದಲ್ಲಿ ಪೆಟ್ರೋಲ್ ತುಂಬಬೇಡಿ ಎಂದು ಸರ್ಕಾರಿ ಸಂಸ್ಥೆಯೊಂದು ಜನರಿಗೆ ಬುದ್ಧಿ ಹೇಳಬೇಕಾಯಿತು. ಕಂಪನಿ 75 ಬಿಟ್‌ಕಾಯಿನ್, ಎಂದರೆ ಅಂದಿನ ಲೆಕ್ಕದಲ್ಲಿ ಸುಮಾರು 44 ಲಕ್ಷ ಡಾಲರ್, ಕಳ್ಳರಿಗೆ ತೆತ್ತಿತು. ಅದರಲ್ಲಿ ಒಂದು ಪಾಲನ್ನು ಅಲ್ಲಿನ ಸರ್ಕಾರ ಮುಂದಿನ ತಿಂಗಳು ವಶಪಡಿಸಿಕೊಂಡಿತು.

ಕಳ್ಳರು ಒಳಗೆ ಬಂದದ್ದು ಯಾವ ದಾರಿಯಿಂದ? ತನಿಖೆ ನಡೆಸಿದ ತಜ್ಞರು ಕಂಡುಕೊಂಡಂತೆ, ಏಪ್ರಿಲ್ 29ರಂದೇ ಅವರು ಒಳಹೊಕ್ಕಿದ್ದರು. ನೌಕರರು ದೂರದಲ್ಲಿದ್ದುಕೊಂಡೇ ಕಚೇರಿಯ ಕಂಪ್ಯೂಟರ್ ಜಾಲಕ್ಕೆ ಬರಲು ಮಾಡಿಕೊಡುವ ವಿಪಿಎನ್ ಎಂಬ ಹಾದಿಯೊಂದಿದೆ. ಆ ಹಾದಿಯ ಒಂದು ಲಾಗಿನ್ ಬಳಕೆ ತಪ್ಪಿ ಹೋಗಿತ್ತು, ಆದರೆ ಬಂದ್ ಆಗಿರಲಿಲ್ಲ. ಅದರ ಪಾಸ್‌ವರ್ಡ್, ಬೇರೆಲ್ಲಿಂದಲೋ ಸೋರಿಹೋದ ಪಾಸ್‌ವರ್ಡ್‌ಗಳ ರಾಶಿಯೊಂದರಲ್ಲಿ ಕಂಡುಬಂತು. ಅದು ಮೊಬೈಲಿಗೆ ಓಟಿಪಿ ಬರುವಂಥ ಎರಡನೆಯ ತಪಾಸಣೆ ಇಲ್ಲದ ಲಾಗಿನ್ ಆಗಿತ್ತು. ಕಂಪನಿಯ ಮುಖ್ಯಸ್ಥ ಜೋಸೆಫ್ ಬ್ಲೌಂಟ್ ಅವರು 2021ರ ಜೂನ್ 8ರಂದು ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಹಾಜರಾಗಿ, ಆ ಪಾಸ್‌ವರ್ಡ್ ಸುಲಭದ್ದಾಗಿರಲಿಲ್ಲ, ಕ್ಲಿಷ್ಟವಾದದ್ದೇ ಆಗಿತ್ತು ಎಂದು ಹೇಳಿದರು.

ಈ ಮಾತನ್ನು ನಾವು ಗಮನಿಸಬೇಕು. ಬೀಗ ಗಟ್ಟಿಯಾಗಿಯೇ ಇತ್ತು. ಆದರೆ ಅಲ್ಲೊಂದು ಬಾಗಿಲಿದೆ ಎಂಬುದೇ ಮನೆಯವರಿಗೆ ಮರೆತುಹೋಗಿತ್ತು. ಮುಂದಿನ ಗೇಟಿಗೆ ಕಾವಲು ಇಟ್ಟು ಹಿಂದಿನ ಬೇಲಿಯ ದಣಪೆ ಸರಿಸಿಟ್ಟ ಹಾಗೆ.

ಇದೊಂದೇ ಪ್ರಸಂಗವಲ್ಲ. 2023ರ ನವೆಂಬರ್ ಕೊನೆಯಲ್ಲಿ ಮೈಕ್ರೋಸಾಫ್ಟ್ ಕಂಪನಿಯ ಜಾಲಕ್ಕೇ ನುಗ್ಗಿದವರು ಹಿಡಿದದ್ದು, ಎಂದೋ ಪ್ರಯೋಗಕ್ಕೆಂದು ತೆರೆದು ಬಿಟ್ಟಿದ್ದ ಹಳೆಯ ಪರೀಕ್ಷಾ ಖಾತೆಯೊಂದನ್ನು. ಅದು ಗೊತ್ತಾದದ್ದು 2024ರ ಜನವರಿ 12ರಂದು. ಅಷ್ಟರಲ್ಲಿ ಕಂಪನಿಯ ಹಿರಿಯ ಅಧಿಕಾರಿಗಳ ಇಮೇಲ್‌ಗಳನ್ನು ಅವರು ಓದಿದ್ದರು. ಕಂಪ್ಯೂಟರ್ ವಿದ್ಯೆಯಲ್ಲೇ ಜಗತ್ತಿಗೆ ದೊಡ್ಡವರೆನಿಸಿದವರ ಮನೆಯಲ್ಲೂ ಹೀಗಾಯಿತು. ಅದೇ 2024ರ ಫೆಬ್ರವರಿಯಲ್ಲಿ ಅಮೆರಿಕ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಇನ್ನೊಂದು ಪ್ರಸಂಗವನ್ನು ಪ್ರಕಟಿಸಿತು. ಒಂದು ರಾಜ್ಯ ಸರ್ಕಾರದ ಸಂಸ್ಥೆಯೊಳಕ್ಕೆ ಕಳ್ಳರು ಬಂದದ್ದು, ಕೆಲಸ ಬಿಟ್ಟುಹೋದ ನೌಕರರೊಬ್ಬರ ಮೇಲ್ವಿಚಾರಕ ಲಾಗಿನ್ ಹಿಡಿದು. ನೌಕರರು ಹೋಗಿದ್ದರು, ಅವರ ಅಧಿಕಾರ ಮಾತ್ರ ಅಲ್ಲೇ ಇತ್ತು.

ನಮ್ಮ ಸಣ್ಣ ಸಂಘಕ್ಕೆ ಯಾರು ಬರುತ್ತಾರೆ?

ಇವೆಲ್ಲ ದೊಡ್ಡವರ ಕಥೆ, ನಾಲ್ಕು ಊರಿನ ಬೆಳೆಗಾರರು ಕೂಡಿ ನಡೆಸುವ ಸಂಘದ ಮೇಲೆ ಯಾರಿಗೆ ಕಣ್ಣು ಎಂದು ಕೇಳುವವರಿದ್ದಾರೆ. ಈ ಕಳ್ಳರು ಮನೆ ನೋಡಿಕೊಂಡು ಬರುವವರಲ್ಲ. ಸೋರಿಹೋದ ಹೆಸರು, ಪಾಸ್‌ವರ್ಡ್‌ಗಳ ಪಟ್ಟಿಯನ್ನು ಯಂತ್ರಕ್ಕೆ ಕೊಟ್ಟು, ಸಾವಿರಾರು ಬಾಗಿಲುಗಳನ್ನು ಹಗಲೂ ರಾತ್ರಿ ತಟ್ಟಿಸುತ್ತಾರೆ. ಯಾವುದು ತೆರೆಯಿತೋ ಅದರೊಳಗೆ ಏನಿದೆ ಎಂದು ಆಮೇಲೆ ನೋಡುತ್ತಾರೆ. 2024ರ ಜುಲೈ ಕೊನೆಯಲ್ಲಿ ನಮ್ಮ ದೇಶದ ಸಣ್ಣ ಬ್ಯಾಂಕುಗಳಿಗೆ ತಂತ್ರಾಂಶ ಸೇವೆ ಕೊಡುವ ಸಂಸ್ಥೆಯೊಂದರ ಮೇಲೆ ದಾಳಿಯಾದಾಗ, ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳೂ ಸೇರಿ ಸುಮಾರು 300 ಬ್ಯಾಂಕುಗಳ ಪಾವತಿ ವ್ಯವಸ್ಥೆಯನ್ನು ತಾತ್ಕಾಲಿಕವಾಗಿ ಬೇರ್ಪಡಿಸಬೇಕಾಯಿತು. ಅಲ್ಲಿನ ಕಾರಣ ಹಳೆಯ ಲಾಗಿನ್ ಎಂದು ನಾವು ಹೇಳುತ್ತಿಲ್ಲ. ಸಣ್ಣವರೆಂದು ಯಾರೂ ನಮ್ಮನ್ನು ಬಿಡುವುದಿಲ್ಲ ಎಂಬುದಕ್ಕೆ ಮಾತ್ರ ಇದನ್ನು ಹೇಳಿದೆವು.

ಬಳಕೆಯಲ್ಲಿರುವ ಲಾಗಿನ್‌ಗಿಂತ ಬಿಟ್ಟ ಲಾಗಿನ್ ಹೆಚ್ಚು ಅಪಾಯವೇಕೆ? ಮೊದಲನೆಯದಾಗಿ, ಅದಕ್ಕೆ ಯಜಮಾನನಿಲ್ಲ. ನಮ್ಮ ಲಾಗಿನ್‌ನಲ್ಲಿ ಬೇರೆಯವರು ಓಡಾಡಿದರೆ ನಮಗೆ ಒಂದಲ್ಲ ಒಂದು ದಿನ ಅನುಮಾನ ಬರುತ್ತದೆ. ಬಿಟ್ಟುಹೋದವರ ಲಾಗಿನ್‌ನಲ್ಲಿ ವರ್ಷಗಟ್ಟಲೆ ಓಡಾಡಿದರೂ ಕೇಳುವವರಿಲ್ಲ. ಎರಡನೆಯದಾಗಿ, ಅದರ ಪಾಸ್‌ವರ್ಡ್ ಹಳೆಯದು. ಅದೇ ಪದವನ್ನು ಆ ವ್ಯಕ್ತಿ ಬೇರೆ ಕಡೆಯೂ ಬಳಸಿದ್ದು, ಅಲ್ಲಿಂದ ಸೋರಿದ್ದರೆ ಇಲ್ಲಿಗೂ ಅದೇ ಬೀಗದ ಕೈ. ಮೂರನೆಯದಾಗಿ, ಓಟಿಪಿ ವ್ಯವಸ್ಥೆ ಬರುವ ಮೊದಲು ತೆರೆದ ಲಾಗಿನ್‌ಗಳು ಹಾಗೆಯೇ ಉಳಿದಿರುತ್ತವೆ. ಗೂಗಲ್ ಕಂಪನಿಯವರು 2023ರಲ್ಲಿ ತಿಳಿಸಿದಂತೆ, ಬಳಕೆಯಲ್ಲಿರುವ ಖಾತೆಗಳಿಗೆ ಹೋಲಿಸಿದರೆ ಬಿಟ್ಟ ಖಾತೆಗಳಲ್ಲಿ ಈ ಎರಡನೆಯ ತಪಾಸಣೆ ಇರುವ ಸಂಭವ ಹತ್ತನೆಯ ಒಂದು ಪಾಲಿಗಿಂತಲೂ ಹೆಚ್ಚಿಲ್ಲ. ಓಟಿಪಿ ಇದ್ದರೂ ಅದು ಹೋಗುವುದು ಹಳೆಯ ಮೊಬೈಲ್ ನಂಬರಿಗೆ. ನಮ್ಮ ದೇಶದಲ್ಲಿ ರದ್ದಾದ ನಂಬರನ್ನು 90 ದಿನಗಳು ಕಳೆದ ಮೇಲೆ ಬೇರೆಯವರಿಗೆ ಕೊಡಲು ಅವಕಾಶವಿದೆ. ಆಗ ನಮ್ಮ ಸಂಘದ ಓಟಿಪಿ ಯಾವುದೋ ಊರಿನ ಯಾರದೋ ಜೇಬಿನಲ್ಲಿ ಸದ್ದು ಮಾಡುತ್ತದೆ.

ನಮ್ಮಲ್ಲೇ ಕಂಡದ್ದು

ಪರರ ಹುಳುಕು ಹೇಳಿ ನಮ್ಮದನ್ನು ಮುಚ್ಚಿಡುವುದು ಸಹಕಾರ ಧರ್ಮವಲ್ಲ. ಈ ಲೇಖನಕ್ಕೆ ಕಾರಣವಾದದ್ದೇ ನಮ್ಮ ಸಂಘದ ಪಟ್ಟಿ. ಆಡಳಿತ ಮಂಡಳಿಯ ಸೂಚನೆಯಂತೆ ಕಂಪ್ಯೂಟರಿನಲ್ಲಿರುವ ಎಲ್ಲ ಲಾಗಿನ್‌ಗಳ ಪಟ್ಟಿಯನ್ನು ಅಚ್ಚು ಹಾಕಿಸಿ ಕುಳಿತಾಗ, ಅದರಲ್ಲಿದ್ದ ಹೆಸರು ಹನ್ನೊಂದು, ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದವರು ಐವರು. ಉಳಿದ ಆರರಲ್ಲಿ ಬೆಂಗಳೂರಿಗೆ ಹೋಗಿ ನೆಲೆಸಿದ ತೂಕದ ಗುಮಾಸ್ತರೊಬ್ಬರು, ಅಡಿಕೆ ಸುಗ್ಗಿಯ ಮೂರು ತಿಂಗಳಿಗೆಂದು ಬಂದುಹೋದ ಇಬ್ಬರು ಹುಡುಗರು, ತಂತ್ರಾಂಶ ಕೂರಿಸಲು ಬಂದಿದ್ದವರದೊಂದು, ಟೆಸ್ಟ್ ಎಂಬ ಹೆಸರಿನದೊಂದು. ಆರನೆಯದು ಎರಡು ವರ್ಷಗಳ ಹಿಂದೆ ಶಾಲು ಹೊದಿಸಿ ಬೀಳ್ಕೊಟ್ಟ ನಮ್ಮ ಹಿಂದಿನ ಕಾರ್ಯದರ್ಶಿಗಳದು.

ಕೊನೆಯ ಬಾರಿ ಬಳಸಿದ ದಿನಾಂಕವನ್ನು ನೋಡಿದಾಗ ನಮಗೆ ಮುಖ ಎತ್ತಲಾಗಲಿಲ್ಲ. ಹಿಂದಿನ ಕಾರ್ಯದರ್ಶಿಗಳ ಲಾಗಿನ್ ಅವರು ನಿವೃತ್ತರಾದ ಮೇಲೂ ಓಡುತ್ತಲೇ ಇತ್ತು. ವಿಚಾರಿಸಿದಾಗ ತಿಳಿದದ್ದಿಷ್ಟು: ತೂಕದ ಚೀಟಿ ತಪ್ಪಾದರೆ ತಿದ್ದಲು ಒಪ್ಪಿಗೆ ಕೊಡುವ ಅಧಿಕಾರ ಅವರ ಲಾಗಿನ್‌ಗೆ ಮಾತ್ರ ಇತ್ತು. ಹೊಸಬರಿಗೆ ಅದನ್ನು ಹಾಕಿಕೊಡಲು ಯಾರಿಗೂ ನೆನಪಾಗಲಿಲ್ಲ. ಸುಗ್ಗಿಯ ಗಡಿಬಿಡಿಯಲ್ಲಿ, ಅಂಗಳದಲ್ಲಿ ಜೀಪುಗಳು ಸಾಲುಗಟ್ಟಿ ನಿಂತಿರುವಾಗ, ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದ ಹಳೆಯ ಪಾಸ್‌ವರ್ಡನ್ನೇ ಎಲ್ಲರೂ ಬಳಸಿಕೊಂಡು ಬಂದರು. ಕೆಟ್ಟ ಉದ್ದೇಶ ಯಾರದ್ದೂ ಅಲ್ಲ. ಆ ತಿದ್ದುಪಡಿಗಳನ್ನೆಲ್ಲ ಒಂದೊಂದಾಗಿ ತೂಕದ ಮೂಲ ಚೀಟಿಯೊಡನೆ ತಾಳೆ ನೋಡಲಾಯಿತು. ಒಬ್ಬ ಸದಸ್ಯರಿಗೂ ಒಂದು ಕಿಲೋವಿನ ವ್ಯತ್ಯಾಸವೂ ಬಂದಿಲ್ಲ ಎಂಬುದನ್ನು ಸಂತೋಷದಿಂದ ತಿಳಿಸುತ್ತೇವೆ.

ಆದರೆ ನಮ್ಮ ಮನಸ್ಸಿನಲ್ಲಿ ಉಳಿದದ್ದು ಬೇರೆ. ವಿಷಯ ತಿಳಿಸಲು ನಾವು ಹಿಂದಿನ ಕಾರ್ಯದರ್ಶಿಗಳ ಮನೆಗೆ ಹೋದೆವು. ಆಯುಷ್ಯವೆಲ್ಲ ತೂಕದಲ್ಲಿ ಒಂದು ಗ್ರಾಂ ಆಚೀಚೆ ಮಾಡದೆ ಬದುಕಿದವರು ಅವರು. ಎಲ್ಲ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಕೀಲಿ ಕೈ ಒಪ್ಪಿಸಿದೆ, ಮೊಹರು ಒಪ್ಪಿಸಿದೆ, ಹೆಸರನ್ನು ಮಾತ್ರ ಅಲ್ಲೇ ಬಿಟ್ಟು ಬಂದೆನಲ್ಲ ಎಂದು ನೊಂದುಕೊಂಡರು. ಒಂದು ಪಕ್ಷ ಹಣ ಹೋಗಿದ್ದರೆ ಕಂಪ್ಯೂಟರ್ ತೋರಿಸುತ್ತಿದ್ದುದು ಅವರ ಹೆಸರನ್ನೇ. ಪೊಲೀಸರು ಮೊದಲು ಬರುತ್ತಿದ್ದುದೂ ಅವರ ಬಾಗಿಲಿಗೇ. ಹಳೆಯ ಲಾಗಿನ್ ಬಂದ್ ಮಾಡುವುದೆಂದರೆ ಸಂಘದ ಹಣ ಕಾಯುವುದಷ್ಟೇ ಅಲ್ಲ, ದುಡಿದು ಹೋದವರ ಮಾನ ಕಾಯುವುದೂ ಹೌದು ಎಂಬುದನ್ನು ನಾವು ಅಂದು ಅವರ ಜಗಲಿಯಲ್ಲಿ ಕಲಿತೆವು.

ಇನ್ನೊಂದು ಮಾತನ್ನೂ ನೌಕರ ಬಂಧುಗಳು ತಿಳಿದಿರಬೇಕು. ಇನ್ನೊಬ್ಬರ ಪಾಸ್‌ವರ್ಡನ್ನು ವಂಚನೆಯ ಅಥವಾ ಅಪ್ರಾಮಾಣಿಕ ಉದ್ದೇಶದಿಂದ ಬಳಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಸಿ ಕಲಮಿನಂತೆ ಅಪರಾಧ. ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ಉಂಟು.

ಮಾಡಬೇಕಾದದ್ದು

ಇದಕ್ಕೆ ದೊಡ್ಡ ಖರ್ಚೇನೂ ಬೇಡ. ಆಡಳಿತ ಮಂಡಳಿ ಕೈಗೊಂಡಿರುವ, ಬೇರೆ ಸಂಘದವರೂ ಅನುಸರಿಸಬಹುದಾದ ಕ್ರಮಗಳು ಇವು:

1. ವರ್ಷಕ್ಕೆ ಎರಡು ಬಾರಿ, ಮಾರ್ಚ್ 31ರ ಲೆಕ್ಕ ಮುಕ್ತಾಯದ ಸಮಯದಲ್ಲೊಮ್ಮೆ ಮತ್ತು ವಾರ್ಷಿಕ ಮಹಾಸಭೆಗೆ ಮೊದಲೊಮ್ಮೆ, ಲಾಗಿನ್ ಪಟ್ಟಿಯನ್ನು ಅಚ್ಚು ಹಾಕಿಸಿ ಹಾಜರಿ ಪುಸ್ತಕದೊಡನೆ ತಾಳೆ ನೋಡುವುದು. ಹಾಜರಿಯಲ್ಲಿಲ್ಲದ ಹೆಸರು ಪಟ್ಟಿಯಲ್ಲಿ ಚಾಲ್ತಿಯಲ್ಲಿರಕೂಡದು.

2. ನೌಕರರು ಬಿಡುಗಡೆಯಾಗುವ ದಿನವೇ, ಬಿಡುಗಡೆ ಪತ್ರ ಕೈಗೆ ಕೊಡುವ ಮೊದಲೇ ಲಾಗಿನ್ ಬಂದ್ ಮಾಡುವುದು. ಚಾರ್ಜ್ ಪಟ್ಟಿಯಲ್ಲಿ ಇದಕ್ಕೊಂದು ಸಾಲು ಸೇರಿಸಿ ಇಬ್ಬರ ಸಹಿ ಪಡೆಯುವುದು. ಅವರಿಗಿದ್ದ ಅಧಿಕಾರವನ್ನು ಹೊಸಬರ ಲಾಗಿನ್‌ಗೆ ಅಂದೇ ಹಾಕಿಕೊಡುವುದು. ಇಲ್ಲದಿದ್ದರೆ ನಮ್ಮಲ್ಲಾದದ್ದೇ ಆಗುತ್ತದೆ.

3. ಬಂದ್ ಮಾಡಬೇಕು, ಅಳಿಸಬಾರದು. ಲಾಗಿನ್ ಅಳಿಸಿಹಾಕಿದರೆ ಹಿಂದಿನ ನಮೂದುಗಳನ್ನು ಯಾರು ಮಾಡಿದರೆಂಬ ಗುರುತೂ ತಪ್ಪಿಹೋಗಬಹುದು. ಲೆಕ್ಕ ಪರಿಶೋಧಕರಿಗೆ ಅದು ಬೇಕು.

4. ಸುಗ್ಗಿಯ ಕೆಲಸಗಾರರು, ಲೆಕ್ಕ ಪರಿಶೋಧಕರು, ತಂತ್ರಾಂಶದವರು, ಇವರ ಲಾಗಿನ್ ತೆರೆಯುವಾಗಲೇ ಮುಗಿಯುವ ದಿನಾಂಕ ಹಾಕುವುದು. ದೀರ್ಘ ರಜೆಯಲ್ಲಿರುವವರದ್ದನ್ನು ತಾತ್ಕಾಲಿಕವಾಗಿ ನಿಲ್ಲಿಸುವುದು.

5. ಒಬ್ಬರಿಗೆ ಒಂದೇ ಲಾಗಿನ್. ಹತ್ತು ಜನ ಬಳಸುವ ಲಾಗಿನ್‌ಗೆ ಯಾರೂ ಹೊಣೆಯಲ್ಲ. ನಮ್ಮ ರಾಜ್ಯದ ಭೂಮಿ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಬಂದಾಗಲೇ ಸಿಬ್ಬಂದಿಗೆ ಬೆರಳಚ್ಚಿನ ಲಾಗಿನ್ ಇಟ್ಟದ್ದು ಇದೇ ಕಾರಣಕ್ಕೆ. ಪಾಸ್‌ವರ್ಡ್ ಎರವಲು ಕೊಡಬಹುದು, ಬೆರಳನ್ನು ಕೊಡಲಾಗದು.

6. 90 ದಿನ ಬಳಸದ ಲಾಗಿನ್ ತಾನಾಗಿಯೇ ನಿಲ್ಲುವಂತೆ ತಂತ್ರಾಂಶದವರಿಂದ ಮಾಡಿಸುವುದು. ಕಾರ್ಡು ವ್ಯವಹಾರ ನಡೆಸುವವರಿಗಿರುವ ಪಿಸಿಐ ಡಿಎಸ್‌ಎಸ್ ಎಂಬ ಅಂತರರಾಷ್ಟ್ರೀಯ ಮಾನದಂಡ ಹೇಳುವುದೂ 90 ದಿನವನ್ನೇ.

7. ಟೆಸ್ಟ್, ಅಡ್ಮಿನ್ ಮುಂತಾಗಿ ಯಂತ್ರದೊಡನೆಯೇ ಬಂದಿರುವ ಹೆಸರುಗಳನ್ನು ಹುಡುಕಿ ಬಂದ್ ಮಾಡುವುದು. ಗೋದಾಮಿನ ಸಿಸಿ ಕ್ಯಾಮರಾ ಮತ್ತು ಇಂಟರ್‌ನೆಟ್ ಪೆಟ್ಟಿಗೆಯಲ್ಲಿ ಕಾರ್ಖಾನೆಯವರೇ ಇಟ್ಟ ಪಾಸ್‌ವರ್ಡ್ ಬದಲಾಯಿಸುವುದನ್ನು ಮರೆಯಬಾರದು.

ಸದಸ್ಯರ ಮನೆಯಲ್ಲಿ

ಕಚೇರಿಗೆ ಹೇಳಿದ ಬುದ್ಧಿ ನಮ್ಮ ಮನೆಗೂ ಸಲ್ಲುತ್ತದೆ. ಮಗ ಓದಲು ಹೋಗುವಾಗ ಮಾಡಿಕೊಟ್ಟ ಇಮೇಲ್, ಈಗ ಬಳಸದ ಹಳೆಯ ಸಿಮ್‌ಗೆ ಜೋಡಿಸಿದ ಯುಪಿಐ, ಬದಲಾಯಿಸಿದ ಫೋನಿನಲ್ಲೇ ಉಳಿದ ಬ್ಯಾಂಕ್ ಆ್ಯಪ್, ಇವೂ ಗಿಡದಲ್ಲುಳಿದ ಕಾಯಿಗಳೇ. ಗೂಗಲ್ 2023ರ ಡಿಸೆಂಬರಿನಿಂದ, ಎರಡು ವರ್ಷ ಮುಟ್ಟದ ಖಾತೆಗಳನ್ನು ಅಳಿಸುವ ಕ್ರಮ ಜಾರಿಗೆ ತಂದಿತು. ಒಂದು ವರ್ಷ ವ್ಯವಹಾರವಿಲ್ಲದ ಯುಪಿಐ ಐಡಿಗಳನ್ನು ನಿಲ್ಲಿಸುವಂತೆ ಪಾವತಿ ನಿಗಮವೂ ಅದೇ ವರ್ಷ ಸೂಚಿಸಿತು. ಆದರೆ ಅವರು ಅಳಿಸುವವರೆಗೆ ಕಾಯಬೇಕಾಗಿಲ್ಲ. ಮೊಬೈಲ್ ನಂಬರ್ ಬದಲಾಯಿಸುವ ಮುನ್ನ ಬ್ಯಾಂಕಿಗೂ ಸಂಘಕ್ಕೂ ಹೊಸ ನಂಬರ್ ಬರೆಸಿ, ಅನಂತರ ಹಳೆಯದನ್ನು ಬಿಡಬೇಕು. ಹಣ ಹೋಯಿತೆಂದು ಗೊತ್ತಾದ ಕ್ಷಣವೇ, ನಾಚಿಕೆ ಪಟ್ಟು ಕೂರದೆ, 1930 ನಂಬರಿಗೆ ಫೋನ್ ಮಾಡಬೇಕು.

ಬರುವ ಮಹಾಸಭೆಯಲ್ಲಿ ಲಾಭ ನಷ್ಟದ ತಖ್ತೆ ಓದಿದ ಮೇಲೆ, ಲಾಗಿನ್ ಪಟ್ಟಿಯಲ್ಲಿ ಎಷ್ಟು ಹೆಸರಿವೆ, ಕೆಲಸದಲ್ಲಿ ಎಷ್ಟು ಜನರಿದ್ದಾರೆ ಎಂದು ಸದಸ್ಯರು ಎದ್ದು ನಿಂತು ಕೇಳಬೇಕೆಂದು ನಾವೇ ಕೋರುತ್ತೇವೆ. ಎರಡೂ ಸಂಖ್ಯೆ ಒಂದೇ ಎಂದು ಉತ್ತರ ಬರಬೇಕು. ಹಿಂದಿನ ಕಾರ್ಯದರ್ಶಿಗಳ ಲಾಗಿನ್ ಅವರ ಎದುರಿನಲ್ಲೇ ಬಂದ್ ಆಯಿತು. ಕಚೇರಿಗೆ ಬಂದು, ಚಾರ್ಜ್ ಪಟ್ಟಿಗೆ ಹೊಸದಾಗಿ ಸೇರಿಸಿದ ಸಾಲಿನ ಮುಂದೆ ಮೊದಲ ಸಹಿಯನ್ನು ಅವರೇ ಹಾಕಿ, ಕಾಫಿ ಕುಡಿದು ಹೋದರು.